ನಿನ್ನ ಮಗಳನ್ನು ಈ ಬೇಸಿಗೆ ಬೆಟ್ಟಕ್ಕೆ ಕಳಿಸು

ಗೆಳೆಯಾ,

ಶರಣು ಶರಣಾರ್ಥಿ.

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಮಗಳು ಹತ್ತನೇ ಕ್ಲಾಸಿಗೆ ಬರುತ್ತಾಳೆ, ಮೇ ತಿಂಗಳಿಂದಲೇ ಟ್ಯೂಷನ್ ಶುರು, ಇಂಥ ಹೊತ್ತಲ್ಲಿ ಹಿಮಾಲಯಕ್ಕೆ ಹೇಗೆ ಕಳಿಸೋದು ಅಂತ ನೀನು ಅಂದೆ. ಅವಳು ಹುಡುಗಿ ಅನ್ನೋ ಮಾತು ನಿನ್ನ ಬಾಯಿಂದ ಬರಲಿಲ್ಲ, ಆದರೆ ವೈನಿಯವರು ಹಿಂದಿನಿಂದ ಹೇಳಿದ್ದು ನನಗೆ ಕೇಳಿಸಿತು. ಎರಡೂ ಸಣ್ಣ ಚಿಂತೆಯಲ್ಲ. ಹೋದ ಬೇಸಿಗೆ ನಮ್ಮ ಕಡೆಯ ಹುಡುಗ ಹುಡುಗಿಯರ ಜೊತೆ ಹೋಗಿ ಬಂದವನು ನಾನು. ಅಲ್ಲಿ ಏನು ಕಂಡೆ ಅಂತ ಬರೆಯುತ್ತೇನೆ. ಓದು, ಆಮೇಲೆ ನಿರ್ಧಾರ ಮಾಡು. ನಿನ್ನ ಹಾಗೆ ಯೋಚನೆಯಲ್ಲಿರುವ ತಂದೆ ತಾಯಿ ಇನ್ನೂ ಇದ್ದಾರೆ, ಅದಕ್ಕೆ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

ನಾವು ಹೋದದ್ದು ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿ. ಅಲ್ಲಿಂದ ರಾತ್ರಿ ಬಸ್ಸು. ಕುಲ್ಲು ರಸ್ತೆಯಲ್ಲಿ ಔಟ್ ಅನ್ನುವ ಊರಲ್ಲಿ ಇಳಿದು, ಬಂಜಾರ್ ದಾಟಿ ಗುಶೈನಿ. ರಸ್ತೆ ಅಲ್ಲಿಗೆ ಹೆಚ್ಚು ಕಡಿಮೆ ಮುಗಿಯುತ್ತದೆ. ಮುಂದೆ ಕಾಲುದಾರಿ, ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಕಾಡು.

ಮೊದಲು ಮನೆಗಳ ವಿಷಯ ಹೇಳಬೇಕು. ಅಲ್ಲಿನ ಹಳೇ ಮನೆಗಳ ಗೋಡೆಯಲ್ಲಿ ಒಂದು ಸಾಲು ದೇವದಾರು ತೊಲೆ, ಅದರ ಮೇಲೆ ಒಂದು ಸಾಲು ಕಲ್ಲು, ಮತ್ತೆ ತೊಲೆ, ಮತ್ತೆ ಕಲ್ಲು. ನಡುವೆ ಗಾರೆಯಿಲ್ಲ. ಕಾಠ್‌ಕುಣಿ ಅಂತ ಕರೆಯುತ್ತಾರೆ. ಕೆಳಗೆ ದನ, ಮೇಲೆ ಜನ, ಮಾಡಿಗೆ ಸ್ಲೇಟ್ ಕಲ್ಲಿನ ಹಲಗೆ. ಶಹಾಬಾದ್ ಕಲ್ಲು ತುಳಿದು ಬೆಳೆದ ನಮ್ಮ ಮಕ್ಕಳು ಆ ಹಲಗೆಗಳನ್ನು ಕಂಡ ಕೂಡಲೇ ಕೈಯಲ್ಲಿ ಹಿಡಿದು ದಪ್ಪ ನೋಡಿದರು. ಚಿಂಚೋಳಿ ಕಡೆಯ ಒಬ್ಬ ಹುಡುಗಿ ಮಾತ್ರ ಗೋಡೆಯ ಹತ್ತಿರವೇ ನಿಂತಳು. ಭೂಕಂಪ ಆದರೆ ಇದು ಬೀಳಲ್ವಾ ಅಂತ ಕೇಳಿದಳು. 2021ರಲ್ಲಿ ಗಡಿಕೇಶ್ವರದ ಸುತ್ತ ನೆಲ ನಡುಗಿದಾಗ ಅವಳ ಮನೆಯವರೂ ಹೊರಗೆ ಮಲಗಿದವರು. ಅವಳಿಗೆ ಅದು ಪುಸ್ತಕದ ಪ್ರಶ್ನೆ ಅಲ್ಲ.

ಮನೆಯ ಅಜ್ಜ ಉತ್ತರ ಹೇಳಿದರು. ನೆಲ ಅಲ್ಲಾಡಿದಾಗ ಈ ಗೋಡೆಯೂ ಅಲ್ಲಾಡುತ್ತದೆ, ತೊಲೆಗಳು ಕಲ್ಲನ್ನು ಹಿಡಿದುಕೊಂಡಿರುತ್ತವೆ, ಗೋಡೆ ಒಮ್ಮೆಗೇ ಕುಸಿಯುವುದಿಲ್ಲ ಅಂದರು. ಹತ್ತಿರದಲ್ಲೇ ಇರುವ ಚೆಹ್ನಿ ಕೋಠಿಯನ್ನು ನೋಡಿ ಬನ್ನಿ ಅಂತ ಕಳಿಸಿದರು. ಅದು ಇದೇ ರೀತಿ ಕಟ್ಟಿದ ಎತ್ತರದ ಗೋಪುರ. 1905ರ ಕಾಂಗಡಾ ಭೂಕಂಪದಲ್ಲಿ ಮೇಲಿನ ಅಂತಸ್ತುಗಳು ಹೋದವು ಅನ್ನುತ್ತಾರೆ, ಉಳಿದದ್ದು ಇವತ್ತಿಗೂ ನಿಂತಿದೆ. ನನಗೆ ಆಗ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ನೆನಪಾಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ. ನಾವಿಬ್ಬರೂ ಆಗ ಶಾಲೆಗೆ ಹೋಗುವ ಹುಡುಗರು. ಸುಮಾರು 10,000 ಜನ ಸತ್ತರು, ಅಲ್ವಾ? ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೊತ್ತ ಮಾಳಿಗೆ. ಆ ಭಾರವೇ ಮಲಗಿದ್ದವರ ಮೇಲೆ ಬಿತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ಅಂಥ ಮನೆಗಳು ಇನ್ನೂ ಇವೆ. ಇದನ್ನು ಹೇಳುತ್ತಿದ್ದಾಗ ಮಕ್ಕಳು ಒಂದು ಮಾತೂ ಆಡದೆ ಕೇಳಿದರು. ಆ ಹುಡುಗಿ ರಾತ್ರಿ ಟಾರ್ಚ್ ಹಿಡಿದು ಗೋಡೆಯ ಚಿತ್ರ ಬರೆಯುತ್ತಿದ್ದಳು. ಯಾವ ಟ್ಯೂಷನ್ನಿನಲ್ಲಿ ಇದು ಸಿಗುತ್ತದೆ ಹೇಳು.

ಕುರಿಗಾಹಿಗಳು ಸಿಕ್ಕಿದ್ದು ಜಲೋರಿ ಪಾಸ್ ಹತ್ತಿರ. ಅದು ಬೆಟ್ಟಸಾಲು ದಾಟುವ ದಾರಿ, ಸುಮಾರು 3100 ಮೀಟರ್ ಎತ್ತರ. ಚಳಿಗಾಲಕ್ಕೆ ಕೆಳಗಿಳಿದ ಹಿಂಡುಗಳು ಬೇಸಿಗೆ ಬಂತೆಂದರೆ ಹಿಮ ಕರಗಿದ ಹುಲ್ಲುಗಾವಲಿಗೆ ಹತ್ತುತ್ತವೆ. ನಮ್ಮ ಗುಂಪಿನಲ್ಲಿ ಸುರಪುರ ಕಡೆಯ ಒಬ್ಬ ಹುಡುಗನಿದ್ದ, ಕುರಿ ಸಾಕುವ ಮನೆಯವನು. ಅಲ್ಲಿಯವರೆಗೆ ಅವನು ಹೆಚ್ಚು ಮಾತಾಡಿದ್ದೇ ಇಲ್ಲ. ಹಿಂಡು ಕಂಡದ್ದೇ ತಡ, ನಮ್ಮ ಕಲಬುರಗಿ ಹಿಂದಿಯಲ್ಲಿ ಶುರು ಮಾಡಿದ. ಕೆಳಗಿದ್ದಾಗ ಯಾರ ಹೊಲದಲ್ಲಿ ಕುರಿ ನಿಲ್ಲಿಸುತ್ತೀರಿ, ಗೊಬ್ಬರಕ್ಕೆ ಹೊಲದವರು ಏನು ಕೊಡುತ್ತಾರೆ, ಉಣ್ಣೆ ಯಾವಾಗ ಕತ್ತರಿಸುತ್ತೀರಿ. ಅವರಿಗೂ ಖುಷಿ. ಬಯಲುಸೀಮೆಯ ಹುಡುಗನೊಬ್ಬ ಇದನ್ನೆಲ್ಲ ಕೇಳುತ್ತಾನೆ ಅಂತ ಅವರು ಅಂದುಕೊಂಡಿರಲಿಲ್ಲ. ನಾಯಿಯ ಕೊರಳಲ್ಲಿ ಮುಳ್ಳಿದ್ದ ಕಬ್ಬಿಣದ ಪಟ್ಟಿ ತೋರಿಸಿದರು. ಚಿರತೆ ಬಂದರೆ ಮೊದಲು ನಾಯಿಯ ಕುತ್ತಿಗೆಗೇ ಬಾಯಿ ಹಾಕುತ್ತದೆ, ಅದಕ್ಕೆ. ನಮ್ಮಲ್ಲಿ ತೋಳ ಅಂತ ಇವನು ಹೇಳಿದ. ಸಂಜೆಯವರೆಗೂ ಅವನನ್ನು ಅಲ್ಲಿಂದ ಎಬ್ಬಿಸಲು ಆಗಲಿಲ್ಲ, ನಾನು ಎಬ್ಬಿಸಲೂ ಇಲ್ಲ. ಶಾಲೆಯಲ್ಲಿ ಕುರಿ ಕಾಯೋನು ಅಂತ ಕರೆಸಿಕೊಂಡು ತಲೆ ತಗ್ಗಿಸುತ್ತಿದ್ದ ಹುಡುಗ ಅವನು. ಆ ದಿನ ಎಲ್ಲರಿಗೂ ಅವನೇ ಮೇಷ್ಟ್ರು.

ಹೊಳೆಯದೂ ಒಂದು ಮಾತಿದೆ. ನಿಮ್ಮ ಕಾಗಿಣಾ ಹೊಳೆ ಮೇ ತಿಂಗಳಲ್ಲಿ ಹೇಗೆ ಬತ್ತಿರುತ್ತದೆ ಅಂತ ನಿನ್ನ ಮಗಳಿಗೆ ಗೊತ್ತು. ಅಲ್ಲಿ ಬಿಸಿಲು ಏರಿದಷ್ಟೂ ಹೊಳೆ ತುಂಬುತ್ತದೆ. ಮೇಲೆ ಹಿಮ ಕರಗಿದ ನೀರು ಮಧ್ಯಾಹ್ನದ ಮೇಲೆ ಕೆಳಗೆ ಬರುತ್ತದೆ, ಬೆಳಗಿನ ಜಾವ ಮತ್ತೆ ಇಳಿದಿರುತ್ತದೆ. ಅದಕ್ಕೇ ಸೇತುವೆಯಿಲ್ಲದ ಹಳ್ಳಗಳನ್ನು ಬೆಳಿಗ್ಗೆ ಬೇಗ ದಾಟಬೇಕು. ಮಕ್ಕಳು ದಡದಲ್ಲಿ ಒಂದು ಬಂಡೆಗೆ ಇದ್ದಿಲಿನಿಂದ ಗೆರೆ ಹಾಕಿ ಹೊತ್ತು ಹೊತ್ತಿಗೆ ಓಡಿ ಹೋಗಿ ನೋಡುತ್ತಿದ್ದರು.

ಕಾಡಿನಲ್ಲಿ ಜುಜುರಾಣಾ ಹಕ್ಕಿಯ ಕೂಗು ಕೇಳಿದೆವು, ಹಕ್ಕಿ ಕಾಣಲಿಲ್ಲ. ಅದು ಹಿಮಾಚಲದ ರಾಜ್ಯಪಕ್ಷಿ. ಲೋಕದ ಎಲ್ಲ ಹಕ್ಕಿಗಳಿಂದ ಒಂದೊಂದು ಗರಿ ತಂದು ದೇವರು ಇದನ್ನು ಮಾಡಿದ ಅಂತ ಅಲ್ಲಿನವರ ಕಥೆ. ಕೆಲವು ಕಾಡುಗಳು ಊರ ದೇವತೆಗೆ ಸೇರಿದವು, ಅಲ್ಲಿ ಕೊಡಲಿ ಹಾಕುವಂತಿಲ್ಲ.

ಆದರೆ ಎಲ್ಲವೂ ಚೆಂದ ಅಂತ ನಾನು ಬರೆಯಲಾರೆ. 1999ರಲ್ಲಿ ನಾವು ನಡೆದ ಆ ಕಾಡು ರಾಷ್ಟ್ರೀಯ ಉದ್ಯಾನ ಆದಾಗ ಸುತ್ತಲಿನ ಹಳ್ಳಿಯವರಿಗೆ ಒಳಗೆ ಕುರಿ ಮೇಯಿಸುವ, ಗಿಡಮೂಲಿಕೆ ಕೀಳುವ, ಗುಚ್ಛಿ ಅಣಬೆ ಆರಿಸುವ ಹಕ್ಕು ಹೋಯಿತು. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಜಗತ್ತು ಹೊಗಳಿತು. ನಮ್ಮ ಜೊತೆ ಬಂದ ಗೈಡ್ ಹುಡುಗನ ಅಜ್ಜ ಆ ಹುಲ್ಲುಗಾವಲುಗಳಲ್ಲೇ ಕುರಿ ಮೇಯಿಸಿದವರು. ಮಕ್ಕಳು ಆ ರಾತ್ರಿ ಜೋರಾಗಿ ವಾದ ಮಾಡಿದರು. ಕಾಡು ಉಳಿಯಬೇಕಾದರೆ ಮುಚ್ಚಲೇಬೇಕು ಅಂತ ಕೆಲವರು, ಕಾಡು ಕಾಯ್ದವರನ್ನೇ ಹೊರಗೆ ಹಾಕಿದರೆ ಹೇಗೆ ಅಂತ ಉಳಿದವರು. ನಾನು ಎರಡನೇ ಗುಂಪಿನ ಕಡೆ, ಅದನ್ನು ಅವರಿಗೂ ಹೇಳಿದೆ.

ಈ ವಾದ ನಮ್ಮ ಮನೆಬಾಗಿಲಲ್ಲೂ ಇದೆ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿಧಾಮ ಆಯಿತು, ಸುಮಾರು 135 ಚದರ ಕಿಲೋಮೀಟರ್. ಒಳಗೆ ಲಂಬಾಣಿ ತಾಂಡಾಗಳಿವೆ, ಚಂದ್ರಂಪಳ್ಳಿ ಕೆರೆ ಇದೆ. ಹಿಮಾಲಯಕ್ಕೆ ಹೊರಡುವ ಮುಂಚೆ ನಾವು ಮಕ್ಕಳನ್ನು ಅಲ್ಲಿ ನಡೆಸಿದೆವು. ತಾಂಡಾದ ಆಯಿ ಒಬ್ಬರು ಎಲೆ ಉದುರಿಸಿ ನಿಂತ ಗಿಡಗಳನ್ನೂ ತೊಗಟೆ ನೋಡಿಯೇ ಹೆಸರು ಹೇಳಿದರು. ಈ ಸಲವೂ ಮೊದಲು ಅಲ್ಲಿಗೇ. ಮನೆಯ ಹತ್ತಿರದ ಕಾಡು ನೋಡದ ಮಕ್ಕಳನ್ನು ನೇರವಾಗಿ ಹಿಮಕ್ಕೆ ಕರೆದೊಯ್ದು ಫೋಟೋ ತೆಗೆಸಿ ತರುವುದು ನನಗೆ ಸರಿ ಕಾಣದು. ದೊಡ್ಡ ದೊಡ್ಡ ಗುಂಪುಗಳು ಹಾಗೇ ಮಾಡುತ್ತಿವೆ. ನಮ್ಮದು ಸಣ್ಣ ಗುಂಪು, ಸಣ್ಣದಾಗಿಯೇ ಇರುತ್ತದೆ.

ಈಗ ವೈನಿಯವರ ಚಿಂತೆ. ಹುಡುಗಿಯರ ಜೊತೆ ಇಬ್ಬರು ಶಿಕ್ಷಕಿಯರು ಪೂರ್ತಿ ಇರುತ್ತಾರೆ, ಹುಡುಗಿಯರ ಟೆಂಟಿನ ಪಕ್ಕದಲ್ಲೇ ಮಲಗುತ್ತಾರೆ. ತಿಂಗಳ ದಿನ ಬಂದರೆ ನಡೆಯಲೇಬೇಕು ಅಂತ ಇಲ್ಲ. ಪ್ಯಾಡ್ ಕಾಡಿನಲ್ಲಿ ಎಸೆಯದೆ ಕಟ್ಟಿಕೊಂಡು ಕೆಳಗೆ ತರುವ ಕ್ರಮ ಹೇಳಿಕೊಡುತ್ತಾರೆ, ಮುಜುಗರ ಇಲ್ಲದೆ. ಎತ್ತರಕ್ಕೆ ಹೋದರೆ ಮೈ ಕೆಡುತ್ತದೆ ಅನ್ನೋ ಭಯ ಬೇಡ. ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ, ಅದಕ್ಕೆ ನಿಧಾನವಾಗಿಯೇ ಏರುತ್ತೇವೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ತಲೆನೋವಿನ ಜೊತೆ ವಾಂತಿ ಬಂದರೆ ಅಲ್ಲೇ ನಿಲ್ಲಬೇಕು, ಕಡಿಮೆ ಆಗದಿದ್ದರೆ ಕೆಳಗಿಳಿಯಬೇಕು. ಇದರಲ್ಲಿ ಯಾರ ಹಟವೂ ನಡೆಯುವುದಿಲ್ಲ.

ಟ್ಯೂಷನ್ ತಪ್ಪುತ್ತದೆ, ಅದು ನಿಜ. ಜೂನಿನಲ್ಲಿ ನಾನೇ ಕೂತು ಅವಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ, ಭಾನುವಾರ ಸೇಡಂಗೆ ಬರುತ್ತೇನೆ.

ಅವಳು ಈಗಿನಿಂದಲೇ ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ತಾಸು ನಡೆಯಲಿ. ಶೂ ಈಗಲೇ ಕೊಡಿಸು, ಹೊಸ ಶೂ ಹಾಕಿ ಬೆಟ್ಟ ಹತ್ತಿದರೆ ಕಾಲೆಲ್ಲ ಗುಳ್ಳೆ. ಒದ್ದೆಯಾದ ಹತ್ತಿ ಬಟ್ಟೆ ಚಳಿಯಲ್ಲಿ ಮೈ ಕೊರೆಯುತ್ತದೆ, ಒಂದು ಉಣ್ಣೆಯ ಸ್ವೆಟರ್ ಇದ್ದರೆ ಸಾಕು, ಮಿಕ್ಕಿದ್ದು ನಾವು ಕೊಡುತ್ತೇವೆ. ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿ ಮಾತ್ರ ವೈನಿಯವರು ಕಟ್ಟಿ ಕೊಡಲಿ.

ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ಬೇಸಿಗೆಯಲ್ಲಿ ಬೇಗ ತುಂಬಿಬಿಡುತ್ತದೆ. ಯುಗಾದಿಗೆ ಮೊದಲೇ ಒಂದು ಮಾತು ಹೇಳು. ಅದಕ್ಕೂ ಮುಂಚೆ ಅವಳನ್ನೇ ಒಮ್ಮೆ ಕೇಳು.

ನಿನ್ನ ಗೆಳೆಯ,
ಕಲಬುರಗಿ