ಮಗಳಿಗೊಂದು ಪತ್ರ: ಹಿಡಿಯಿಲ್ಲದ ಎಳೆತ

ಬೆಂಗಳೂರು

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನೀನು ದಸರಾ ರಜೆಗೆಂದು ಅಜ್ಜಿಯ ಮನೆಗೆ ಹೊರಡುವ ಹಿಂದಿನ ದಿನ ನಮ್ಮ ಕಟ್ಟಡದ ಮೋಟಾರು ಕೆಟ್ಟು, ಸಂಪಿನಿಂದ ಮೂರನೆಯ ಮಹಡಿಗೆ ನಾವಿಬ್ಬರೂ ನೀರು ಹೊತ್ತದ್ದು ನಿನಗೆ ನೆನಪಿರಬೇಕು. ಮೂರನೆಯ ಸಲ ಮೇಲೆ ಬಂದಾಗ ನೀನು ಬಕೆಟ್ಟನ್ನು ಕೆಳಗಿಟ್ಟು, ಅಂಗೈಯಲ್ಲಿ ಮೂಡಿದ್ದ ಕೆಂಪು ಗೆರೆಯನ್ನು ತೋರಿಸಿ, "ಅಮ್ಮಾ, ಬಕೆಟ್ಟಿನ ಹಿಡಿ ನನ್ನ ಕೈಗೆ ತಾಗಿತ್ತು, ಅದಕ್ಕೇ ಗೆರೆ ಬಿತ್ತು. ಭೂಮಿ ಈ ಬಕೆಟ್ಟನ್ನು ಎಲ್ಲಿ ಹಿಡಿದುಕೊಂಡು ಎಳೆಯುತ್ತಿದೆ?" ಎಂದು ಕೇಳಿದೆ. ನಾನು ಅವಸರದಲ್ಲಿ "ಅದು ಗುರುತ್ವಾಕರ್ಷಣೆ" ಎಂದಷ್ಟೇ ಹೇಳಿ ಮತ್ತೆ ಕೆಳಗಿಳಿದುಬಿಟ್ಟೆ. ಹೆಸರು ಹೇಳಿದ ಮಾತ್ರಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ ಎಂಬುದು ಅಂದಿನಿಂದ ನನ್ನ ಮನಸ್ಸನ್ನು ಕೊರೆಯುತ್ತಿದೆ. ಆದ್ದರಿಂದ ಈಗ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ನಿನ್ನ ಕೈಯ ವಿಷಯ. ನಿನ್ನ ಬಕೆಟ್ಟಿನಲ್ಲಿ ಸುಮಾರು 10 ಲೀಟರ್, ಅಂದರೆ 10 ಕಿಲೋಗ್ರಾಂ ನೀರಿತ್ತು. ಬೆಂಗಳೂರಿನಲ್ಲಿ ಭೂಮಿ ಪ್ರತಿ ಕಿಲೋಗ್ರಾಂ ವಸ್ತುವನ್ನು ಸುಮಾರು 9.78 ನ್ಯೂಟನ್ ಬಲದಿಂದ ಎಳೆಯುವುದರಿಂದ ಆ ನೀರಿನ ತೂಕ ಸುಮಾರು 98 ನ್ಯೂಟನ್ ಆಗುತ್ತದೆ. ಅದನ್ನು ಎತ್ತಿ ಹಿಡಿಯಲು ಅಷ್ಟೇ ಬಲವನ್ನು ನೀನು ಮೇಲ್ಮುಖವಾಗಿ ಕೊಡಬೇಕಾಯಿತು. ನಿನ್ನ ತೋಳಿನ ಸ್ನಾಯು ಬೆರಳುಗಳನ್ನು, ಬೆರಳುಗಳು ಹಿಡಿಯನ್ನು, ಹಿಡಿ ಬಕೆಟ್ಟನ್ನು, ಬಕೆಟ್ಟಿನ ತಳ ನೀರನ್ನು, ಹೀಗೆ ಒಂದು ಇನ್ನೊಂದಕ್ಕೆ ತಾಗಿಕೊಂಡೇ ಆ ಬಲ ಸಾಗಿತು. ಇಂಥವನ್ನೇ ನಿನ್ನ ಪಾಠದಲ್ಲಿ ಸಂಪರ್ಕ ಬಲಗಳೆಂದು ಕರೆದಿದ್ದಾರೆ. ಒದ್ದೆ ಮೆಟ್ಟಿಲಿನ ಮೇಲೆ ನಿನ್ನ ಕಾಲು ಜಾರಿದಾಗ ಕೊರತೆಯಾದದ್ದೂ ಒಂದು ಸಂಪರ್ಕ ಬಲವೇ, ಅದು ಘರ್ಷಣೆ. ಆಮೇಲೆ ನಾನು ಹಿಡಿಗೆ ಹಳೆಯ ಬಟ್ಟೆ ಸುತ್ತಿಕೊಟ್ಟೆನಲ್ಲ, ಆಗ ನೋವು ತಗ್ಗಿತು. ಬಲ ಮೊದಲಿನಷ್ಟೇ ಇತ್ತು, ಆದರೆ ಅದು ಅಂಗೈಯ ಹೆಚ್ಚು ಅಗಲಕ್ಕೆ ಹಂಚಿಹೋಯಿತು.

ಭೂಮಿಯ ಎಳೆತಕ್ಕೆ ಇಂಥ ಹಿಡಿಯಿಲ್ಲ. ಅದು ಬಕೆಟ್ಟಿನ ಒಂದೊಂದು ಹನಿ ನೀರನ್ನೂ, ಪ್ಲಾಸ್ಟಿಕ್ಕಿನ ಒಂದೊಂದು ಕಣವನ್ನೂ, ನಿನ್ನ ಎಲುಬು, ರಕ್ತ, ಕೂದಲುಗಳನ್ನೂ ಏಕಕಾಲಕ್ಕೆ ಎಳೆಯುತ್ತದೆ. ಎಲ್ಲ ಕಣಗಳನ್ನೂ ಅವುಗಳ ರಾಶಿಗೆ, ಅಂದರೆ ಅವುಗಳಲ್ಲಿರುವ ದ್ರವ್ಯದ ಪ್ರಮಾಣಕ್ಕೆ, ತಕ್ಕಂತೆ ಒಟ್ಟಿಗೇ ಎಳೆಯುವುದರಿಂದ ಅದರ ಗುರುತು ಎಲ್ಲಿಯೂ ಬೀಳುವುದಿಲ್ಲ. ಇದರಿಂದ ಹೊರಡುವ ಮಾತು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ: ಗುರುತ್ವ ಬಲವನ್ನು ನಮ್ಮ ಮೈ ನೇರವಾಗಿ ಅರಿಯುವುದೇ ಇಲ್ಲ. ನಿಂತಾಗ ಪಾದಕ್ಕೆ ತಿಳಿಯುವುದು ನೆಲ ನಮ್ಮನ್ನು ಮೇಲಕ್ಕೆ ಒತ್ತುವ ಸಂಪರ್ಕ ಬಲ. ಮೆಟ್ರೊ ನಿಲ್ದಾಣದ ಲಿಫ್ಟು ಕೆಳಗಿಳಿಯಲು ಶುರುವಾದ ಕ್ಷಣದಲ್ಲಿ ಹೊಟ್ಟೆಯೊಳಗೆ ಹಗುರವಾದಂತಾಗುವುದು ಆ ಒತ್ತು ಕಡಿಮೆಯಾಗುವುದರಿಂದಲೇ. ನಿನ್ನ ನೋಟ್‌ಬುಕ್ಕಿನಲ್ಲಿ "ಅಂತರಿಕ್ಷದಲ್ಲಿ ಗುರುತ್ವವಿಲ್ಲ" ಎಂದು ಬರೆದಿರುವುದನ್ನು ದಯವಿಟ್ಟು ತಿದ್ದಿಕೊ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಭೂಮಿಯ ಎಳೆತ ಇಲ್ಲಿಯದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದೆ. ನಿಲ್ದಾಣವೂ ಅದರೊಳಗಿನ ಯಾತ್ರಿಗಳೂ ಜೊತೆಜೊತೆಯಾಗಿ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಅವರನ್ನು ಒತ್ತುವ ನೆಲವಿಲ್ಲ, ಅದಕ್ಕಾಗಿ ತೇಲುತ್ತಾರೆ.

ಇನ್ನು ನಿನ್ನ ಪ್ರಶ್ನೆಯ ತಿರುಳಿಗೆ ಬರೋಣ. ಮುಟ್ಟದೆ ಎಳೆಯುವುದು ಹೇಗೆ? ಇದು ನ್ಯೂಟನ್‌ನನ್ನೂ ಕಾಡಿದ ಪ್ರಶ್ನೆ. ಯಾವುದೇ ಎರಡು ವಸ್ತುಗಳು ಒಂದನ್ನೊಂದು ಎಳೆಯುತ್ತವೆ, ರಾಶಿ ಹೆಚ್ಚಿದಷ್ಟೂ ಎಳೆತ ಹೆಚ್ಚುತ್ತದೆ, ದೂರ ಎರಡರಷ್ಟಾದರೆ ಎಳೆತ ಕಾಲುಭಾಗಕ್ಕಿಳಿಯುತ್ತದೆ ಎಂಬ ನಿಯಮವನ್ನು ಅವನು 1687ರಲ್ಲಿ ಪ್ರಕಟಿಸಿದನು. ಲೆಕ್ಕ ಚಂದ್ರನಿಗೂ ಹೊಂದಿತು, ಬೀಳುವ ಹಣ್ಣಿಗೂ ಹೊಂದಿತು. ಹಾಗಿದ್ದೂ 1693ರಲ್ಲಿ ಬೆಂಟ್ಲಿ ಎಂಬ ಪಾದ್ರಿಗೆ ಬರೆದ ಪತ್ರದಲ್ಲಿ, ನಡುವೆ ಏನೂ ಇಲ್ಲದೆ ಒಂದು ವಸ್ತು ದೂರದ ಇನ್ನೊಂದರ ಮೇಲೆ ಬಲ ಬೀರುತ್ತದೆಂಬುದನ್ನು ತಾನು ಒಪ್ಪಲಾರೆ ಎಂದು ಅವನೇ ಸ್ಪಷ್ಟವಾಗಿ ಹೇಳಿದ್ದಾನೆ. ನಿಯಮವನ್ನು ಕಂಡುಕೊಂಡವನೇ ಹಾಗೆ ಯೋಚಿಸಿದ್ದನೆಂದ ಮೇಲೆ ನಿನ್ನ ಪ್ರಶ್ನೆ ಎಳ್ಳಷ್ಟೂ ಬಾಲಿಶವಲ್ಲ.

ದಾರಿ ತೋರಿಸಿದವನು 19ನೆಯ ಶತಮಾನದ ವಿಜ್ಞಾನಿ ಮೈಕೆಲ್ ಫ್ಯಾರಡೆ. ಚಿಕ್ಕಂದಿನಲ್ಲಿ ಅವನು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು. ಅವನು ಕಂಡದ್ದನ್ನು ನೀನು ಅಜ್ಜಿಯ ಅಂಗಳದಲ್ಲಿಯೇ ಕಾಣಬಹುದು. ನಿನ್ನ ಚೀಲದಲ್ಲಿರುವ ಅಯಸ್ಕಾಂತಕ್ಕೆ ಕಾಗದ ಸುತ್ತಿ ಹೊಳೆಯ ಒಣ ಮರಳಿನಲ್ಲಿ ಆಡಿಸು, ಕಪ್ಪು ಪುಡಿ ಅಂಟಿಕೊಳ್ಳುತ್ತದೆ. ಆ ಪುಡಿಯನ್ನು ಒಂದು ಬಿಳಿ ರಟ್ಟಿನ ಮೇಲೆ ತೆಳುವಾಗಿ ಹರಡಿ, ರಟ್ಟಿನ ಅಡಿಯಲ್ಲಿ ಅಯಸ್ಕಾಂತವಿಟ್ಟು, ಬೆರಳಿನಿಂದ ಮೆಲ್ಲಗೆ ತಟ್ಟು. ಪುಡಿ ತಾನಾಗಿ ಸಾಲುಗಟ್ಟಿ, ಒಂದು ಧ್ರುವದಿಂದ ಇನ್ನೊಂದಕ್ಕೆ ಬಾಗಿದ ಗೆರೆಗಳಾಗಿ ನಿಲ್ಲುತ್ತದೆ. ಅಯಸ್ಕಾಂತದ ಸುತ್ತಲಿನ ಜಾಗ ಬರಿದಾಗಿಲ್ಲ, ಅದರ ಪ್ರಭಾವದಿಂದ ತುಂಬಿದೆ ಎಂಬುದನ್ನು ಫ್ಯಾರಡೆ ಇಂಥ ಗೆರೆಗಳಲ್ಲಿ ಓದಿದನು. ಆ ಪ್ರಭಾವವೇ ಕ್ಷೇತ್ರ. ಭೂಮಿಯೂ ತನ್ನ ಸುತ್ತ ಗುರುತ್ವ ಕ್ಷೇತ್ರವನ್ನು ಹರಡಿಕೊಂಡಿದೆ. ಬಕೆಟ್ಟಿನ ನೀರು ಉತ್ತರಿಸುವುದು ತಾನಿರುವ ಜಾಗದಲ್ಲಿಯೇ ಇರುವ ಆ ಕ್ಷೇತ್ರಕ್ಕೆ. ಈ ಕ್ಷೇತ್ರದ ಬದಲಾವಣೆಯೂ ಬೆಳಕಿನ ವೇಗದಲ್ಲಿ ಮಾತ್ರ ಸಾಗುತ್ತದೆ. ಸೂರ್ಯ ಇದ್ದಕ್ಕಿದ್ದಂತೆ ಇಲ್ಲವಾದನೆಂದು ಭಾವಿಸಿದರೂ ಭೂಮಿ ಇನ್ನೂ 8 ನಿಮಿಷಕ್ಕಿಂತ ಹೆಚ್ಚು ಕಾಲ ಹಳೆಯ ದಾರಿಯಲ್ಲಿಯೇ ಸುತ್ತುತ್ತಿರುತ್ತದೆ.

ಗುರುತ್ವ ಬಹಳ ಪ್ರಬಲವಾದುದೆಂದು ನಿನಗೆ ತೋರಬಹುದು. ಎಣ್ಣೆ ಹಚ್ಚದ ಒಣ ತಲೆಯನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಬಾಚಿ, ಅದನ್ನು ಕಾಗದದ ಚೂರುಗಳ ಹತ್ತಿರ ಹಿಡಿದು ನೋಡು. ಇಡೀ ಭೂಮಿ ಕೆಳಗೆ ಎಳೆಯುತ್ತಿದ್ದರೂ ಒಂದು ಬಾಚಣಿಗೆಯ ವಿದ್ಯುದಾವೇಶ ಆ ಚೂರುಗಳನ್ನು ಮೇಲೆತ್ತಿಬಿಡುತ್ತದೆ. ಆದರೆ ವಿದ್ಯುತ್ತಿನಲ್ಲಿ ಧನ, ಋಣ ಎಂಬ ಎರಡು ಬಗೆಗಳಿದ್ದು ದೊಡ್ಡ ವಸ್ತುಗಳಲ್ಲಿ ಅವು ಒಂದನ್ನೊಂದು ಅಳಿಸಿಹಾಕುತ್ತವೆ. ಗುರುತ್ವದಲ್ಲಿ ಹಾಗೆ ಅಳಿಸುವುದು ಯಾವುದೂ ಇಲ್ಲ, ರಾಶಿ ಕೂಡುತ್ತಲೇ ಹೋಗುತ್ತದೆ. ಅದಕ್ಕಾಗಿಯೇ ಗ್ರಹ, ನಕ್ಷತ್ರಗಳ ಮಟ್ಟದಲ್ಲಿ ಈ ದುರ್ಬಲ ಬಲದ್ದೇ ಆಳ್ವಿಕೆ.

ಪಾಠದಲ್ಲಿ ಇಲ್ಲದ ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಇದನ್ನು ಬಿಟ್ಟರೆ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ. ಹಿಡಿ ನಿನ್ನ ಕೈಯನ್ನು ಮುಟ್ಟಿತು ಎಂದೆವಲ್ಲ, ಪರಮಾಣುಗಳಷ್ಟು ಹತ್ತಿರದಿಂದ ನೋಡಿದರೆ ಅಲ್ಲಿ ನಡೆದದ್ದೇನು? ಹಿಡಿಯ ಎಲೆಕ್ಟ್ರಾನುಗಳೂ ನಿನ್ನ ಚರ್ಮದ ಎಲೆಕ್ಟ್ರಾನುಗಳೂ ಸಮೀಪಿಸಿದಾಗ, ಅವುಗಳ ನಡುವಿನ ವಿದ್ಯುತ್ ವಿಕರ್ಷಣೆಯೂ, ಒಂದೇ ಜಾಗದಲ್ಲಿ ಒಟ್ಟುಗೂಡಲೊಲ್ಲದ ಅವುಗಳ ಗುಣವೂ ಸೇರಿ ಹಿಡಿಯನ್ನು ಕೈಯೊಳಗೆ ಇಳಿಯದಂತೆ ತಡೆದವು. ಹಾಗೆ ನೋಡಿದರೆ ಮುಟ್ಟುವುದರ ಬೇರೂ ಕ್ಷೇತ್ರದಲ್ಲಿಯೇ ಇದೆ. ಸಂಪರ್ಕ ಬಲ, ಕ್ಷೇತ್ರ ಬಲ ಎಂಬ ವಿಂಗಡಣೆ ನಮ್ಮ ಕೈ, ಕಣ್ಣುಗಳ ಅಳತೆಗೆ ಸರಿಯಾದದ್ದು. ಪರೀಕ್ಷೆಯಲ್ಲಿ ಅದನ್ನೇ ಬರೆ, ಇದನ್ನು ಮನಸ್ಸಿನಲ್ಲಿಟ್ಟುಕೊ.

2023ರ ಆಗಸ್ಟ್ 23ರ ಸಂಜೆ ನಾವೆಲ್ಲ ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಾಗ, ಚಂದ್ರಯಾನ-3ರ ಲ್ಯಾಂಡರು ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲವೇಕೆ ಎಂದು ನೀನು ಕೇಳಿದ್ದೆ. ಪ್ಯಾರಾಚೂಟನ್ನು ತಡೆಯುವುದು ಗಾಳಿಯ ಸಂಪರ್ಕ ಬಲ, ಚಂದ್ರನ ಮೇಲೆ ಅಂಥ ಗಾಳಿಯೇ ಇಲ್ಲ. ಎಳೆತ ಮಾತ್ರ ಇಲ್ಲಿಯದರ ಆರರಲ್ಲಿ ಒಂದು ಪಾಲಿನಷ್ಟಿದೆ. ಆದ್ದರಿಂದ ಎಂಜಿನ್ನುಗಳನ್ನು ಉರಿಸಿಯೇ ವೇಗ ತಗ್ಗಿಸಬೇಕಾಯಿತು.

ನಮ್ಮ ನಲ್ಲಿಗೆ ಬರುವ ಕಾವೇರಿಯೂ ಇದೇ ಕ್ಷೇತ್ರಕ್ಕೆ ಎದುರಾಗಿ ಏರಿ ಬಂದವಳು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಂತಹಂತವಾಗಿ ಪಂಪ್ ಮಾಡಿ, ಕೊಳವೆಯ ಒಳಗೋಡೆಯ ಘರ್ಷಣೆಯನ್ನೂ ಮೀರಿಸಿ ನೀರನ್ನು ಮೇಲಕ್ಕೆ ತರುತ್ತಾರೆ. ಹಿಂದಿನವರು ಕಟ್ಟಿದ ಕೆರೆಗಳಿಗೆ ಪಂಪೇ ಬೇಕಿರಲಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ತಾನೇ ಇಳಿಯುತ್ತಿತ್ತು. ನೆಲದ ಇಳಿಜಾರನ್ನು ಅಷ್ಟು ಸೂಕ್ಷ್ಮವಾಗಿ ಓದಿದ್ದ ಅವರ ಬಗ್ಗೆ ನನಗೆ ಅಪಾರ ಗೌರವವಿದೆ.

ಮೋಟಾರು ರಿಪೇರಿಯಾಗಿದೆ, ನೀನು ಬಂದ ಮೇಲೆ ನೀರು ಹೊರಬೇಕಾಗಿಲ್ಲ. ಆದರೆ ಅಲ್ಲಿರುವಾಗ ಒಂದು ಕೆಲಸ ಮಾಡು. ಅಜ್ಜಿಯ ಜೊತೆಯಲ್ಲಿ ನಿಂತು ಹಿತ್ತಿಲ ಬಾವಿಯಿಂದ ಒಂದು ಕೊಡ ನೀರು ಸೇದು. ತುಂಬಿದ ಕೊಡ ನೀರಿನೊಳಗೆ ಇರುವವರೆಗೆ ಹಗ್ಗ ಹಗುರವಾಗಿ ಬರುತ್ತದೆ, ಕೊಡ ನೀರನ್ನು ಬಿಟ್ಟು ಮೇಲೇಳುತ್ತಲೇ ಭಾರ ಕೈಗೆ ಜಗ್ಗುತ್ತದೆ. ಭೂಮಿಯ ಎಳೆತ ಆ ಕ್ಷಣದಲ್ಲಿ ಬದಲಾಗಿರುವುದಿಲ್ಲ. ಹಾಗಾದರೆ ಅಲ್ಲಿಯವರೆಗೆ ಕೊಡವನ್ನು ಮುಟ್ಟಿಕೊಂಡು ಮೇಲೆತ್ತುತ್ತಿದ್ದು, ಆಗ ಕೈಬಿಟ್ಟದ್ದು ಯಾವುದು ಎಂಬುದನ್ನು ಯೋಚಿಸಿ ನನಗೆ ಬರೆದು ಕಳುಹಿಸು.

ಇಂತಿ,
ನಿನ್ನ ಅಮ್ಮ