ಯುದ್ಧ ಬೇಡ ಅಂದರೆ ಸೈನಿಕ ಬೇಡ ಅಂತಲ್ಲ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಯುದ್ಧ ಬೇಡ ಅಂದಿದ್ದಕ್ಕೆ ಗೆಳೆಯರು ದೇಶದ್ರೋಹಿ ಅಂದರು, ಸೈನಿಕರಿಗೆ ಅವಮಾನ ಮಾಡ್ತೀಯಾ ಅಂತ ಕೇಳಿದರು ಅಂತ ಬರೆದಿದ್ದೀಯ. ಅವರ ಮೇಲೆ ಸಿಟ್ಟಾಗಬೇಡ. ಸೈನಿಕರ ಮೇಲೆ ಅವರಿಗೆ ಇರುವ ಗೌರವ ಸುಳ್ಳಲ್ಲ. ಆ ಗೌರವಕ್ಕೂ ಯುದ್ಧಕ್ಕೂ ಗಂಟು ಹಾಕಿಬಿಟ್ಟಿದ್ದಾರೆ, ಅಷ್ಟೇ.

ಯುದ್ಧ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಒಬ್ಬರು, ಸಾಯುವವರು ಇನ್ನೊಬ್ಬರು. ಭರತ ಬಾಹುಬಲಿಯರ ಕಥೆ ನಿನಗೆ ಗೊತ್ತಲ್ವಾ? ಎರಡೂ ಕಡೆ ಸೇನೆ ಸಜ್ಜಾಗಿ ನಿಂತಿತ್ತು. ಮಂತ್ರಿಗಳು ನಡುವೆ ಬಂದು, ಇಷ್ಟು ಜನ ಯಾಕೆ ಸಾಯಬೇಕು, ನೀವಿಬ್ಬರೇ ಸೆಣಸಿ ತೀರಿಸಿಕೊಳ್ಳಿ ಅಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿಯದೇ ಮೇಲುಗೈ. ಆಮೇಲೆ ಅವನು ರಾಜ್ಯವನ್ನೇ ಬಿಟ್ಟು ನಡೆದ. ಎಲ್ಲರೂ ಆ ತ್ಯಾಗವನ್ನು ಹೊಗಳುತ್ತಾರೆ. ನನಗೆ ಆ ಮಂತ್ರಿಗಳೇ ಜಾಸ್ತಿ ಇಷ್ಟ. ಅವತ್ತು ಮನೆಗೆ ವಾಪಸ್ ಹೋದ ಕಾಲಾಳುಗಳಿಗೂ ಹಾಗೇ ಅನಿಸಿರಬೇಕು.

1914ರ ಕ್ರಿಸ್‌ಮಸ್ ಹೊತ್ತಿಗೆ, ಮೊದಲನೇ ಮಹಾಯುದ್ಧದ ಪಶ್ಚಿಮ ರಣರಂಗದಲ್ಲಿ ಹಲವು ಕಡೆ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಕಂದಕದಿಂದ ಮೇಲೆ ಬಂದು ಕೈ ಕುಲುಕಿದರು. ಸಿಗರೇಟು ಹಂಚಿಕೊಂಡರು, ತಮ್ಮ ತಮ್ಮ ಸತ್ತವರನ್ನು ಹೂಳಿದರು. ಮೇಲಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಇನ್ನು ಹೀಗಾಗಕೂಡದು ಅಂತ ಅಪ್ಪಣೆ ಹೊರಟಿತು. ಯುದ್ಧ 1918ರ ನವೆಂಬರ್‌ವರೆಗೆ ಎಳೆಯಿತು.

ಯುದ್ಧ ಬೇಡ ಅನ್ನುವವನು ಹೇಡಿ ಅಂತ ಯಾರಾದರೂ ಅಂದರೆ ಡೆಸ್ಮಂಡ್ ಡಾಸ್ ಹೆಸರು ಹೇಳು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೇರಿದ, ಆದರೆ ಬಂದೂಕು ಮುಟ್ಟಲ್ಲ ಅಂತ ಹಟ ಹಿಡಿದ. ಜೊತೆಯವರೇ ಅವನನ್ನು ಗೇಲಿ ಮಾಡಿದರು, ಪೀಡಿಸಿದರು. 1945ರಲ್ಲಿ ಒಕಿನಾವಾ ದ್ವೀಪದ ಒಂದು ಕಡಿದಾದ ಬೆಟ್ಟದಂಚಿನಲ್ಲಿ ಗುಂಡಿನ ಮಳೆ ನಡುವೆಯೇ ನಿಂತು, ಗಾಯಗೊಂಡವರನ್ನು ಒಬ್ಬೊಬ್ಬರಾಗಿ ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿದ. ಹೀಗೆ ಜೀವ ಉಳಿದವರು ಸುಮಾರು 75 ಜನ ಅಂತ ಲೆಕ್ಕ. ಅವನಿಗೆ ಅಮೆರಿಕದ ಅತಿ ದೊಡ್ಡ ಸೇನಾ ಪದಕ ಸಿಕ್ಕಿತು. ಸೈನಿಕರ ಪರ ನಿಲ್ಲೋದು ಅಂದರೆ ಇದಕ್ಕಿಂತ ಹೆಚ್ಚಿಗೆ ಇನ್ನೇನು ಹೇಳೋದು?

ಈಗ ಕಷ್ಟದ ಪ್ರಶ್ನೆ. ಹಿಟ್ಲರ್‌ನಂಥವನು ಮೇಲೆ ಬಿದ್ದರೆ ಏನು ಮಾಡ್ತೀರಿ ಅಂತ ಕೇಳಿಯೇ ಕೇಳುತ್ತಾರೆ. ಕೇಳಲಿ, ನ್ಯಾಯವಾದ ಪ್ರಶ್ನೆಯೇ. ಜಾಣತನ ತೋರಿಸಿ ತಪ್ಪಿಸಿಕೊಳ್ಳಬೇಡ. 1943ರಲ್ಲಿ, ಹಿಟ್ಲರನ ವಶದಲ್ಲಿದ್ದ ಡೆನ್ಮಾರ್ಕಿನ ಜನ ಅಲ್ಲಿದ್ದ ಯಹೂದಿಗಳನ್ನು ಅವನ ಕೈಗೆ ಸಿಗದಂತೆ ಬಚ್ಚಿಟ್ಟು, ಮೀನುಗಾರರ ದೋಣಿಗಳಲ್ಲಿ 7,000ಕ್ಕೂ ಹೆಚ್ಚು ಜನರನ್ನು ಸ್ವೀಡನ್‌ಗೆ ದಾಟಿಸಿದರು. ಆಯುಧವಿಲ್ಲದೆಯೂ ಎದುರು ನಿಲ್ಲಬಹುದು ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಹಿಟ್ಲರನ ಸೇನೆ ಇದರಿಂದ ನಿಲ್ಲಲಿಲ್ಲ. ಅದನ್ನೂ ನೀನೇ ಹೇಳಿಬಿಡು. ನನ್ನ ಮಟ್ಟಿಗೆ, ಕೊಲ್ಲುವುದು ಸರಿ ಅನ್ನಲು ನಾಲಿಗೆ ಏಳುವುದಿಲ್ಲ. ಹಾಗಂತ ಬೇರೆ ದಾರಿ ಕಾಣದೆ ಬಂದೂಕು ಹಿಡಿದವನನ್ನು ಪಾಪಿ ಅನ್ನಲೂ ನನ್ನಿಂದಾಗದು.

ಸೈನಿಕನಿಗೆ ಚಪ್ಪಾಳೆ ತಟ್ಟೋದು ಸುಲಭ. ಯುದ್ಧ ಮುಗಿದ ಮೇಲೆ ಕಾಲು ಕಳೆದುಕೊಂಡವನಿಗೆ, ರಾತ್ರಿ ಬೆಚ್ಚಿ ಏಳುವವನಿಗೆ ಚಿಕಿತ್ಸೆ ಬೇಕು, ಕೆಲಸ ಬೇಕು. ಸತ್ತವನ ಹೆಂಡತಿಗೆ ಪಿಂಚಣಿ ತಡವಾಗದೆ ಬರಬೇಕು. ಅದನ್ನು ಕೇಳೋಕೆ ಘೋಷಣೆ ಕೂಗಿದವರಲ್ಲಿ ಎಷ್ಟು ಜನ ಹೋಗುತ್ತಾರೆ? ನೀನು ಹೋಗು. ಯುದ್ಧದಿಂದ ಮರಳಿದ ಸೈನಿಕರು ಯಾರಾದರೂ ಎದುರಿಗೆ ಸಿಕ್ಕರೆ ಶಾಂತಿಯ ಭಾಷಣ ಬಿಗಿಯಬೇಡ. ಅವರು ಮಾತಾಡಿದರೆ ಸುಮ್ನೆ ಕೇಳಿಸಿಕೋ. ಎಷ್ಟು ಜನರನ್ನು ಕೊಂದಿರಿ ಅಂತ ಮಾತ್ರ ಯಾವತ್ತೂ ಕೇಳಬೇಡ.

ಹಿಟ್ಲರ್ ವಿಷಯದಲ್ಲಿ ನನ್ನ ಮಾತು ನಿನಗೆ ಒಪ್ಪಿಗೆಯಾಗದಿದ್ದರೆ ಬಿಡಿಸಿ ಬರಿ. ದೊಡ್ಡಪ್ಪ ಅಂತ ದಾಕ್ಷಿಣ್ಯ ಬೇಡ.

ಇಂತಿ,
ನಿನ್ನ ದೊಡ್ಡಪ್ಪ