ನಿಲ್ಲಿಸಿಟ್ಟ ಪ್ರವಾಸಿ ವಾಹನಕ್ಕೆ ಇಲಿ ಕಾಟ: ಮೊದಲು ಸಂದು ಮುಚ್ಚಿ

ಮಾನ್ಯ ಸಂಪಾದಕರೇ,

ಟೆಂಪೊ ಟ್ರಾವೆಲರ್‌ನ ಹಿಂದಿನ ಸೀಟು ಬಿಚ್ಚಿಸಿ, ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿಗೆ ಟಾಕಿ ಕೂಡಿಸಿಕೊಂಡು ಪಂಢರಪುರ, ಶ್ರೀಶೈಲ, ಗೋವಾ ಎಂದು ಮನೆಮಂದಿಯೊಂದಿಗೆ ತಿರುಗಾಡುವವರು ನಮ್ಮ ಕಲಬುರಗಿಯಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಪ್ರವಾಸ ಮುಗಿದ ಮೇಲೆ ಆ ವಾಹನ ಊರ ಹೊರಗಿನ ಶೆಡ್ಡಿನಲ್ಲೋ ಹೊಲದಂಚಿನ ಗೋದಾಮಿನಲ್ಲೋ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಷ್ಟರಲ್ಲಿ ಇಲಿ ಸೇರಿ ವೈರು ಕಡಿಯುವುದು, ಹಾಸಿಗೆಯ ಹತ್ತಿ ಕಿತ್ತು ಗೂಡು ಕಟ್ಟುವುದು, ಮಾಲೀಕರು ವಿಷದ ಪೊಟ್ಟಣ ತಂದು ಚೆಲ್ಲುವುದು ವಾಡಿಕೆಯಾಗಿದೆ. ನಮ್ಮ ವಾಹನವೂ ಇಂಥದೇ ಶೆಡ್ಡಿನಲ್ಲಿ ನಿಲ್ಲುತ್ತದೆ. ಕೊನೆಗೆ ಮಾಡಬೇಕಾದದ್ದನ್ನು ಎಲ್ಲರೂ ಮೊದಲು ಮಾಡುತ್ತಿದ್ದಾರೆ ಎಂಬುದು ನನ್ನ ಆಕ್ಷೇಪ.

ನಮ್ಮ ಭಾಗದಲ್ಲಿ ಈ ಕಾಟಕ್ಕೊಂದು ಕಾಲವಿದೆ. ಡಿಸೆಂಬರ್–ಜನವರಿಯಲ್ಲಿ ತೊಗರಿ ಕೊಯ್ಲಾಗಿ ಹೊಲ ಬಯಲಾದೊಡನೆ, ಅಲ್ಲಿಯವರೆಗೆ ಬೆಳೆಯ ಮರೆಯಲ್ಲಿ ಹೊಟ್ಟೆ ತುಂಬಿಸಿಕೊಂಡಿದ್ದ ಇಲಿಗಳು ಕಾಳನ್ನೂ ಮರೆಯನ್ನೂ ಹುಡುಕಿಕೊಂಡು ಹತ್ತಿರದ ಕಟ್ಟಡಗಳಿಗೆ ನುಗ್ಗುತ್ತವೆ. ನಾವಾದರೋ ಅದೇ ಹೊತ್ತಿಗೆ ಉರುವಲಿಗೆಂದು ತೊಗರಿ ಕಟ್ಟಿಗೆಯನ್ನು, ದನಕ್ಕೆಂದು ಹೊಟ್ಟಿನ ಚೀಲಗಳನ್ನು ವಾಹನದ ಗಾಲಿಗೆ ತಾಗುವಂತೆ ಒಟ್ಟಿ, ಇಲಿಗೆ ಏಣಿ ಇಟ್ಟುಕೊಟ್ಟಂತೆ ಮಾಡುತ್ತೇವೆ. ನೆಲಕ್ಕೆ ಹಾಸಿದ ಶಹಾಬಾದ್ ಫರಸಿಯ ಸಂದುಗಳು ಸಿಮೆಂಟು ಕಳಚಿ ಬಾಯಿ ಬಿಟ್ಟಿದ್ದರೆ ಬಿಲಕ್ಕೂ ಬೇರೆ ಜಾಗ ಬೇಕಿಲ್ಲ. ಚಿಕ್ಕ ಜಾತಿಯ ಇಲಿ ಗಬ್ಬವಾದ ಸುಮಾರು ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸಲಕ್ಕೆ ಐದಾರು. ಆದ್ದರಿಂದ ಶೆಡ್ಡನ್ನು ಕೊಯ್ಲಿಗೆ ಮೊದಲೇ ಹಸನು ಮಾಡಿಕೊಳ್ಳಬೇಕು.

ಮರಿ ಇಲಿ ಒಳನುಗ್ಗಲು 6 ಮಿಲಿಮೀಟರ್ ಸಂದು, ಅಂದರೆ ಪೆನ್ಸಿಲ್ ತೂರುವಷ್ಟು ಜಾಗ ಸಾಕು. ಕತ್ತಲಾದ ಮೇಲೆ ಒಬ್ಬರು ವಾಹನದೊಳಗೆ ಟಾರ್ಚ್ ಹಿಡಿದು ಕುಳಿತು, ಇನ್ನೊಬ್ಬರು ಅಡಿಯಲ್ಲಿ ಮಲಗಿ ನೋಡಿದರೆ, ಬೆಳಕು ಕಾಣುವ ಜಾಗವೆಲ್ಲ ಇಲಿಯ ದಾರಿಯೆಂದೇ ತಿಳಿಯಬೇಕು. ಗೇರ್ ಮತ್ತು ಪೆಡಲುಗಳ ಬುಡದಲ್ಲಿ ಹರಿದ ರಬ್ಬರು, ಬ್ಯಾಟರಿ ವೈರು ಹಾಯುವ ತೂತು, ಬ್ಲೋವರ್‌ಗೆ ಗಾಳಿ ಎಳೆಯುವ ಬಾಯಿ ಇವೆಲ್ಲ ಸರಿಯೇ. ಆದರೆ ನಾನು ಕಂಡಂತೆ ಅತಿ ದೊಡ್ಡ ದಾರಿ ಎಂದರೆ ಪಾತ್ರೆ ತೊಳೆದ ನೀರು ಹೋಗಲು ಕೊರೆದ ತೂತು. ಒಂದಿಂಚಿನ ಪೈಪಿಗೆ ಎರಡಿಂಚು ಕೊರೆದು ಸುತ್ತಲಿನ ಖಾಲಿ ಜಾಗವನ್ನು ಹಾಗೇ ಬಿಟ್ಟಿರುತ್ತಾರೆ. ಅದಕ್ಕೆ ಬಟ್ಟೆಯನ್ನೋ ಫೋಮನ್ನೋ ತುರುಕಿದರೆ ಇಲಿ ಒಂದೇ ರಾತ್ರಿಯಲ್ಲಿ ಕಡಿದು ಹಾಕೀತು, ಏಕೆಂದರೆ ಅದರ ಮುಂಬಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಪಾತ್ರೆ ಉಜ್ಜುವ ತುಕ್ಕು ಹಿಡಿಯದ ಸ್ಟೀಲ್ ನಾರನ್ನು ಒತ್ತಿ ತುಂಬಿ ಮೇಲೆ ಸೀಲೆಂಟ್ ಬಳಿಯಬೇಕು. ದೊಡ್ಡ ಕಿಂಡಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ ಬಡಿಯಬೇಕು. ಒಂದು ಎಚ್ಚರಿಕೆ: ಅಡುಗೆ ಅನಿಲ ಗಾಳಿಗಿಂತ ಭಾರವಾಗಿರುವುದರಿಂದ, ಸೋರಿದರೆ ಹೊರಹೋಗಲೆಂದು ಸಿಲಿಂಡರ್ ಬಳಿ ಕೆಳಗೆ ಬಿಟ್ಟ ಕಿಂಡಿಯನ್ನು ಎಂದಿಗೂ ಪೂರ್ತಿ ಮುಚ್ಚಬಾರದು, ಅಲ್ಲಿ ಜಾಳಿಗೆಯೊಂದೇ ಇರಲಿ.

ತಿನಿಸಿನ ವಿಷಯ ಹೆಚ್ಚು ಹೇಳಬೇಕಿಲ್ಲ. ಶೇಂಗಾ ಹಿಂಡಿಯ ಡಬ್ಬಿ, ಸೀಟಿನ ಸಂದಿಗೆ ಬಿದ್ದ ಬಿಸ್ಕತ್ತಿನ ಪುಡಿ, ಸಾಬೂನು ಸಹ ಒಳಗಿರಬಾರದು. ಹಾಸಿಗೆ, ಚಾದರಗಳನ್ನು ಮನೆಗೆ ಒಯ್ಯುವುದೇ ಲೇಸು.

ನುಸಿಗುಳಿಗೆ ಇಟ್ಟು ನಿಶ್ಚಿಂತರಾಗಿರುವವರು ಬಹಳ. ಗುಳಿಗೆ ಇಟ್ಟ ವಾಹನದಲ್ಲೇ ಗೂಡು ಸಿಕ್ಕಿದ್ದನ್ನು ನೋಡಿದ್ದೇನೆ. ಮೇಲಾಗಿ ಮುಚ್ಚಿದ ವಾಹನದಲ್ಲಿ ತುಂಬಿಕೊಂಡ ಆ ನ್ಯಾಫ್ತಲಿನ್ ಹಬೆ ಒಳಗೆ ಮಲಗುವ ಮಕ್ಕಳಿಗೆ ಒಳ್ಳೆಯದಲ್ಲ. ವಿಷದ ಮಾತಂತೂ ಇನ್ನೂ ಕಷ್ಟದ್ದು. ತಿಂದ ಇಲಿ ಒಳಛಾವಣಿಯ ಸಂದಿಯಲ್ಲಿ ಸತ್ತರೆ, ನಮ್ಮ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ಆ ನಾತ ತೆಗೆಯಲು ಛಾವಣಿಯನ್ನೇ ಬಿಚ್ಚಬೇಕಾಗುತ್ತದೆ. ಬ್ರೊಮಾಡಿಯೊಲೋನ್‌ನಂಥ ವಿಷ ತಿಂದ ಇಲಿಯನ್ನು ಹಿಡಿದ ಗೂಬೆಗೂ ವಿಷವೇರುತ್ತದೆ. ಹೊಲದ ಇಲಿಗಳನ್ನು ಪುಕ್ಕಟೆಯಾಗಿ ಹಿಡಿದುಕೊಡುವ ಹಕ್ಕಿಯನ್ನು ನಾವೇ ಕೊಂದಂತಾಗುತ್ತದೆ. ಸಂದು ಮುಚ್ಚಿದ ಮೇಲೂ ಇಲಿ ಉಳಿದಿದ್ದರೆ ಗೋಡೆಗೆ ಒತ್ತಿ ಬೋನು ಇಟ್ಟು, ದಿನವೂ ನೋಡಿದರಾಯಿತು. ಇಲಿ ಬಯಲಿಗಿಂತ ಗೋಡೆಯ ಪಕ್ಕದಲ್ಲೇ ಓಡಾಡುವುದು ಹೆಚ್ಚು.

ಈಗಾಗಲೇ ಇಲಿ ಹೊಕ್ಕಿದ್ದ ವಾಹನವನ್ನು ಪೊರಕೆಯಿಂದ ಒಣಗುಡಿಸಬಾರದು. ಇಲಿಜ್ವರದಂಥ ರೋಗ ಇಲಿಯ ಮೂತ್ರದಿಂದ ಹರಡುತ್ತದೆ. ಇನ್ನು ಕೆಲವು ರೋಗಾಣುಗಳು ಎದ್ದ ಧೂಳಿನ ಮೂಲಕವೂ ಸೇರಬಹುದು. ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ಕೈಗವಸು, ಮಾಸ್ಕ್ ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯ ಮೇಲೆ ಸಿಂಪಡಿಸಿ, ಐದು ನಿಮಿಷ ಬಿಟ್ಟು ಒರೆಸಿ ತೆಗೆಯಬೇಕು. ವೈರು ಕಡಿದಿರುವ ಗುಮಾನಿ ಇದ್ದರೆ, ಮೆಕ್ಯಾನಿಕ್ ನೋಡುವ ತನಕ ಬ್ಯಾಟರಿಯ ಸಂಪರ್ಕ ಕೊಡದಿರುವುದು ಕ್ಷೇಮ. ಸುಲಿದ ವೈರಿನಿಂದ ಬೆಂಕಿ ಹೊತ್ತಿಕೊಳ್ಳಬಹುದು.

ಕೃಷಿ ವಿಜ್ಞಾನ ಕೇಂದ್ರದವರು ಕೊಯ್ಲಿನ ಹಂಗಾಮಿನಲ್ಲಿ ರೈತರಿಗೆ ಹೊಲದ ಇಲಿಯ ಬಗ್ಗೆ ಹೇಳುವಾಗ ಶೆಡ್ಡು, ವಾಹನಗಳ ಮಾತನ್ನೂ ಸೇರಿಸಿಕೊಳ್ಳಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ವಾಹನಕ್ಕೆ ಒಲೆ, ಟಾಕಿ ಕೂಡಿಸಿಕೊಡುವ ಗ್ಯಾರೇಜಿನವರು ತಾವು ಕೊರೆದ ಪ್ರತಿ ತೂತಿಗೂ ಜಾಳಿಗೆ ಬಡಿದೇ ವಾಹನ ಒಪ್ಪಿಸಲಿ. ಮಾಲೀಕರೂ ಕೊನೆಯ ಕಂತಿನ ಹಣ ಕೊಡುವ ಮುನ್ನ ಅಡಿಗೆ ಬಗ್ಗಿ ನೋಡಲಿ.

ಇತಿ,
ಒಬ್ಬ ಓದುಗ, ಕಲಬುರಗಿ